ಮೂರು ಹಾಳೆ, ಮೂರು ತಿಂಗಳು: ಬೈಂಡಿಂಗ್ ಅಂಗಡಿಯಲ್ಲಿ ಮಾಡಿಸಿದ ಚಿತ್ರದ ಪುಸ್ತಕ

ಮೈಸೂರಿನ ಶಿವರಾಂಪೇಟೆಯ ಒಂದು ಒಳರಸ್ತೆಯಲ್ಲಿ ಪುಟ್ಟ ಬೈಂಡಿಂಗ್ ಅಂಗಡಿ ಇದೆ. ಹತ್ತಡಿ ಅಗಲವೂ ಇರಲಿಕ್ಕಿಲ್ಲ. ವಕೀಲರ ಫೈಲು, ಅಂಗಡಿಗಳ ಲೆಕ್ಕದ ಪುಸ್ತಕ, ಕಾಲೇಜು ಹುಡುಗರ ಪ್ರಾಜೆಕ್ಟ್ ರಿಪೋರ್ಟು, ಹಾಳೆ ಕಳಚಿದ ದೇವರ ಪುಸ್ತಕ ಇವೇ ಅಲ್ಲಿಗೆ ಬರುವ ಕೆಲಸ. ಅಲ್ಲಿ ನಾನು ಚಿತ್ರ ಬರೆಯಲು ಮೂರು ಪುಸ್ತಕ ಮಾಡಿಸಿಕೊಂಡಿದ್ದೇನೆ. ಕಳೆದ ಜುಲೈ ಒಂದರಿಂದ ದಿನಕ್ಕೊಂದು ಚಿತ್ರ ಬರೆಯುತ್ತಿದ್ದೇನೆ. ಮೂರನೇ ಪುಸ್ತಕ ಈ ಮಾರ್ಚ್ ಕೊನೆಗೆ ತುಂಬುತ್ತದೆ.

ಅಂಗಡಿಯ ಹೆಸರು ಬರೆಯುತ್ತಿಲ್ಲ. ಯಜಮಾನರು ಒಬ್ಬರೇ ಕೆಲಸ ಮಾಡುತ್ತಾರೆ, ಒಂದೊಂದೇ ಪುಸ್ತಕದ ಆರ್ಡರು ಜಾಸ್ತಿ ಬಂದರೆ ಕಷ್ಟ ಅಂತ ಅವರೇ ಹೇಳಿದರು. ಆದರೆ ಏನು ಮಾಡಿಸಿದೆ, ಹೇಗೆ ಕೇಳಬೇಕು ಅನ್ನುವುದನ್ನು ಪೂರ್ತಿ ಬರೆಯುತ್ತೇನೆ. ದಾರದಲ್ಲಿ ಹೊಲಿಯುವ ಬೈಂಡಿಂಗ್ ಅಂಗಡಿ ನಿಮ್ಮೂರಲ್ಲೂ ಇದ್ದರೆ ಅಲ್ಲೇ ಆಗುವ ಕೆಲಸ ಇದು.

ಮೊದಲು ನನ್ನ ಕಥೆ ಸ್ವಲ್ಪ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಚಿಕ್ಕವಳಿದ್ದಾಗ ಚಿತ್ರ ಬರೆಯುತ್ತಿದ್ದೆ, ಆಮೇಲೆ ನಿಂತುಹೋಯಿತು. ಮತ್ತೆ ಶುರುಮಾಡಬೇಕು ಅಂತ ಇಂಕ್ಟೋಬರ್‌ಗೆ ಎರಡು ಸಲ ಕೈಹಾಕಿದೆ. ಅಮೆರಿಕದ ಚಿತ್ರಕಾರ ಜೇಕ್ ಪಾರ್ಕರ್ 2009ರಲ್ಲಿ ಶುರುಮಾಡಿದ ಅಭ್ಯಾಸ ಅದು. ಅಕ್ಟೋಬರ್ ತಿಂಗಳ 31 ದಿನವೂ ದಿನಕ್ಕೊಂದು ಶಾಯಿಯ ಚಿತ್ರ. ಒಂದು ವರ್ಷ 12ನೇ ದಿನಕ್ಕೆ ನಿಲ್ಲಿಸಿದೆ, ಇನ್ನೊಂದು ವರ್ಷ 19ಕ್ಕೆ. ಎರಡು ಸಲವೂ ನನ್ನ ಕೈಯಲ್ಲಿ ಇದ್ದದ್ದು ಸ್ಪೈರಲ್ ಪುಸ್ತಕ. ಚಿತ್ರ ಚೆನ್ನಾಗಿ ಬರಲಿಲ್ಲ ಅಂದರೆ ಹಾಳೆ ಸರ್ರನೆ ಕಿತ್ತು ಬರುತ್ತಿತ್ತು. ಇವತ್ತಿನದು ಕಿತ್ತೆ, ನಾಳೆ ನಿನ್ನೆಯದೂ ಸರಿಯಿಲ್ಲ ಅನ್ನಿಸಿತು, ಅದನ್ನೂ ಕಿತ್ತೆ. ಹತ್ತು ದಿನ ಬರೆದು ನೋಡಿದರೆ ಪುಸ್ತಕದಲ್ಲಿ ನಾಲ್ಕು ಚಿತ್ರ. ನಾಲ್ಕು ಚಿತ್ರ ನೋಡಿಕೊಂಡು ಹನ್ನೊಂದನೇ ದಿನ ಕೂರುವುದು ಬಹಳ ಕಷ್ಟ.

ಅದಕ್ಕೇ ಹೊಲಿದ ಪುಸ್ತಕ ಬೇಕು ಅನ್ನಿಸಿತು. ಅಂಗಡಿಗಳಲ್ಲಿ ಹುಡುಕಿದೆ. ಕಾಗದ ಚೆನ್ನಾಗಿದ್ದರೆ ಅಂಟಿನ ಬೈಂಡಿಂಗ್, ಪೂರ್ತಿ ತೆರೆದುಕೊಳ್ಳುವುದಿಲ್ಲ. ಹೊಲಿಗೆ ಇದ್ದರೆ ಕಾಗದ ತೆಳು, ನೀರು ತಾಗಿದರೆ ಮುದುಡುತ್ತದೆ. ಕೊನೆಗೆ ದೊಡ್ಡ ಡ್ರಾಯಿಂಗ್ ಶೀಟುಗಳನ್ನೇ ಕೊಂಡು, ಸುತ್ತಿಕೊಂಡು ಈ ಅಂಗಡಿಗೆ ಹೋದೆ.

"ವರ್ಷಕ್ಕೆ ಒಂದೇ ಪುಸ್ತಕ ಮಾಡಿಕೊಡಿ ಯಜಮಾನ್ರೇ, ದಿನಕ್ಕೊಂದು ಪುಟ" ಅಂದೆ.

ಅವರು ಮೇಲಿನ ಅಟ್ಟದಿಂದ ಒಂದು ಹಳೇ ಲೆಡ್ಜರ್ ಇಳಿಸಿ ನನ್ನ ಕೈಗಿಟ್ಟರು. "ಇದನ್ನ ದಿನಾ ಬ್ಯಾಗಲ್ಲಿ ಹೊರ್ತೀರಾ ಮೇಡಂ?"

ಎರಡು ಕೈಯಲ್ಲಿ ಹಿಡಿದುಕೊಳ್ಳಬೇಕಾಯಿತು. ಅಲ್ಲೇ ನಿಂತು ಲೆಕ್ಕ ಹಾಕಿದೆ. ನಾನು ತಂದಿದ್ದು ಇಂಪೀರಿಯಲ್ ಅಳತೆಯ ಹಾಳೆ, 22 ಇಂಚು ಅಗಲ, 30 ಇಂಚು ಉದ್ದ, 200 ಜಿಎಸ್ಎಂ ಕಾರ್ಟ್ರಿಡ್ಜ್ ಕಾಗದ. ಒಂದು ಚದರ ಮೀಟರ್ ಕಾಗದ 200 ಗ್ರಾಂ ತೂಗುತ್ತದೆ ಅಂತ ಅದರ ಅರ್ಥ. ಆ ಲೆಕ್ಕದಲ್ಲಿ ಒಂದು ದೊಡ್ಡ ಹಾಳೆ ಸುಮಾರು 85 ಗ್ರಾಂ. ವರ್ಷಕ್ಕೆ 12 ಹಾಳೆ ಬೇಕು. ರಟ್ಟು, ಬಟ್ಟೆ ಬಿಟ್ಟು ಕಾಗದವೇ ಒಂದು ಕೆಜಿ! ದಪ್ಪ ಐದು ಸೆಂಟಿಮೀಟರ್.

ಅವರೇ ದಾರಿ ತೋರಿಸಿದರು. ಒಂದು ದೊಡ್ಡ ಹಾಳೆಯನ್ನು ಎಂಟು ತುಂಡು ಮಾಡಿದರೆ ಒಂದೊಂದೂ 11 ಇಂಚು, ಏಳೂವರೆ ಇಂಚು. ಅದನ್ನು ಮಧ್ಯಕ್ಕೆ ಮಡಿಸಿದರೆ ಐದೂವರೆ, ಏಳೂವರೆ ಇಂಚಿನ ಎರಡು ಎಲೆ, ನಾಲ್ಕು ಪುಟ. ಮಡಿಸಿದ ನಾಲ್ಕು ತುಂಡು ಒಂದರೊಳಗೊಂದು ಇಟ್ಟರೆ 16 ಪುಟ. ಇದಕ್ಕೆ ಅವರು ಒಂದು ಫಾರಂ ಅನ್ನುತ್ತಾರೆ. ಒಂದು ದೊಡ್ಡ ಹಾಳೆಗೆ ಎರಡು ಫಾರಂ. ಮೂರು ಹಾಳೆಗೆ ಆರು ಫಾರಂ, 96 ಪುಟ.

ಮೂರು ತಿಂಗಳು ಅಂದರೆ ಹೆಚ್ಚೆಂದರೆ 92 ದಿನ ಅಲ್ವಾ? ಮೂರು ಹಾಳೆ, ಮೂರು ತಿಂಗಳು. ಕಾಗದದ ತೂಕ ಕಾಲು ಕೆಜಿ. ಆ ಕ್ಷಣಕ್ಕೆ ನನಗಾದ ಖುಷಿ ಹೇಳಲಾರೆ.

ಮೊದಲ ಪುಸ್ತಕ ಮಾತ್ರ ಮೊದಲ ಸಲ ಮಾಡಿದಾಗ ಕೆಟ್ಟಿತು. ಅದನ್ನೂ ಹೇಳಲೇಬೇಕು. ನಾನು ಹೊಲಿಗೆ ಹಾಕಿ ಅಂದಿದ್ದೆ, ಎಂಥ ಹೊಲಿಗೆ ಅಂತ ಹೇಳಿರಲಿಲ್ಲ. ಅವರು ಲೆಕ್ಕದ ಪುಸ್ತಕಕ್ಕೆ ಹಾಕುವ ಹಾಗೆ ಬದಿಯಿಂದ ತೂತು ಹೊಡೆದು ಹೊಲಿದರು. ಗಟ್ಟಿ ಅಂದರೆ ಗಟ್ಟಿ. ಆದರೆ ತೆರೆದಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಮೇಲಿಂದ ಕಟ್ಟಿಂಗ್ ಮಷಿನ್‌ಗೆ ಹಾಕಿ ಮೂರು ಬದಿಯೂ ಧಾರಾಳವಾಗಿ ಕತ್ತರಿಸಿದ್ದರು. ನನ್ನ ಕಾಗದ ಬೇಜಾರಾಗುವಷ್ಟು ಕಮ್ಮಿಯಾಗಿತ್ತು. ತೋರಿಸಿದಾಗ ಅವರು ವಾದ ಮಾಡಲಿಲ್ಲ. "ಚಿತ್ರದ ಬುಕ್ಕು ಅಂದ್ರೆ ಮಡಿಕೆ ಹೊಲಿಗೆ ಹಾಕ್ಬೇಕಿತ್ತು, ನನಗೆ ಹೊಳೀಲಿಲ್ಲ" ಅಂದರು. ಹೊಸ ಮೂರು ಹಾಳೆ ನಾನು ತಂದೆ, ಕೂಲಿ ಅವರು ತೆಗೆದುಕೊಳ್ಳಲಿಲ್ಲ.

ಎರಡನೇ ಸಲ ಅವರು ಕೆಲಸ ಮಾಡುವಾಗ ಪಕ್ಕದ ಸ್ಟೂಲಿನಲ್ಲಿ ಕೂತು ನೋಡಿದೆ. ದೊಡ್ಡ ಹಾಳೆಯನ್ನು ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮೆಲ್ಲಗೆ ಬಾಗಿಸಿ ನೋಡಿದರು. ಸುಲಭವಾಗಿ ಬಾಗಿದಾಗ ಮಡಿಕೆ ಯಾವ ದಿಕ್ಕಿಗೆ ಬರುತ್ತದೋ ಆ ದಿಕ್ಕಿಗೆ ಕಾಗದದ ನಾರು ಓಡುತ್ತದೆ. ಮಡಿಕೆ ನಾರಿನ ದಿಕ್ಕಿಗೇ ಬರಬೇಕು. ಅಡ್ಡ ಬಂದರೆ ಮಡಿಕೆಯ ಹತ್ತಿರ ಕಾಗದ ಬಿರಿಯುತ್ತದೆ, ಪುಟಗಳು ಸೆಟೆದು ನಿಲ್ಲುತ್ತವೆ. ನನ್ನ ಹಾಳೆಯಲ್ಲಿ ನಾರು 30 ಇಂಚಿನ ಉದ್ದಕ್ಕೆ ಓಡುತ್ತಿತ್ತು, ನಮ್ಮ ಅಳತೆಗೆ ಸರಿಯಾಗಿ ಕೂತಿತು. ನಿಮ್ಮ ಹಾಳೆಯನ್ನು ಕತ್ತರಿಸುವ ಮೊದಲು ಇದೊಂದನ್ನು ನೋಡಿಕೊಳ್ಳಿ.

ಆಮೇಲೆ ಒಂದೊಂದು ಫಾರಂನ ಮಡಿಕೆಯ ಮೇಲೆ ಐದು ತೂತು. ಮೇಣ ಸವರಿದ ದಾರ. ಒಂದು ಫಾರಂ ಹೊಲಿದು, ಇನ್ನೊಂದನ್ನು ಅದಕ್ಕೇ ಗಂಟು ಹಾಕಿ, ಹೀಗೆ ಆರೂ ಒಂದಾದವು. ಬೆನ್ನಿಗೆ ಮೈದಾ ಅಂಟು. ಹುಳ ಹಿಡಿಯದಿರಲಿ ಅಂತ ಅಂಟಿಗೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಕೈ ತೊಳೆದುಕೊಳ್ಳಿ ಅಂತ ನನಗೂ ಹೇಳಿದರು. ಮೇಲೆ ರಟ್ಟು, ಕ್ಯಾಲಿಕೋ ಬಟ್ಟೆ. ಭಾರ ಹೇರಿ ಒಂದು ರಾತ್ರಿ ಬಿಟ್ಟರು. ಈ ಸಲ ಮುಂದಿನ ಅಂಚನ್ನು ಮಾತ್ರ ಎಳೆಯಷ್ಟು ಸವರಿದರು.

ಮಾರನೇ ದಿನ ಆ ಪುಸ್ತಕ ಮೇಜಿನ ಮೇಲೆ ಚಪ್ಪಟೆಯಾಗಿ ತೆರೆದುಕೊಂಡಿತು. ಕೈಯಲ್ಲಿ ಒತ್ತಿ ಹಿಡಿಯಬೇಕಿಲ್ಲ. ರಾತ್ರಿ ಪಾತ್ರೆ ತೊಳೆದು, ಒಂಬತ್ತಕ್ಕೆ ಕೂತು, ಇಪ್ಪತ್ತು ನಿಮಿಷದಲ್ಲಿ ಬರೆದು ಏಳುವವಳಿಗೆ ಇದು ಸಣ್ಣ ವಿಷಯ ಅಲ್ಲ. ಪುಸ್ತಕದ ಜೊತೆ ಗುದ್ದಾಡುವ ಐದು ನಿಮಿಷ ಉಳಿದರೆ ಕಾಲು ಭಾಗ ಸಮಯ ಉಳಿಯಿತು.

ಪುಸ್ತಕ ಐದಾರು ದಿನ ಮೊದಲೇ ಕೈಗೆ ಬಂದಿದ್ದರಿಂದ ಪುಟಗಳಿಗೆ ತಾರೀಕು ಹಾಕಿಟ್ಟೆ. ಜುಲೈ 1 ಮೊದಲ ಪುಟ. ಐದನೇ ದಿನ ಒಂದು ಇಸ್ತ್ರಿ ಪೆಟ್ಟಿಗೆ ಬರೆದೆ. ಬಹಳ ಕೆಟ್ಟದಾಗಿ ಬಂತು, ಹಿಡಿ ಒಂದು ಕಡೆ, ತಳ ಒಂದು ಕಡೆ. ಹಳೇ ಅಭ್ಯಾಸ, ಕೈ ಹಾಳೆಯ ಮೂಲೆಗೆ ಹೋಯಿತು. ಆಗ ಹೊಲಿಗೆ ನೆನಪಾಯಿತು. ಈ ಎಲೆ ಹರಿದರೆ ಇದರ ಜೋಡಿ ಎಲೆಯೂ ಕಳಚುತ್ತದೆ. ಎರಡೂ ಒಂದೇ ತುಂಡಿನ ಎರಡು ಭಾಗ. ಐದನೇ ಪುಟದ ಜೋಡಿ ಯಾವುದು ಅಂತ ಎಣಿಸಿದೆ. ಹನ್ನೆರಡು. ಅದಿನ್ನೂ ಖಾಲಿ ಇತ್ತು. ಸುಮ್ನೆ ಕೈ ತೆಗೆದೆ.

ಹನ್ನೆರಡನೇ ದಿನ ಅತ್ತೆಯ ಕನ್ನಡಕ ಬರೆದೆ. ಮೊದಲ ಪುಸ್ತಕದಲ್ಲಿ ನನಗೆ ತುಂಬ ಇಷ್ಟವಾದ ಚಿತ್ರ ಅದು. ಆ ಕನ್ನಡಕವನ್ನು ಪುಸ್ತಕದಲ್ಲಿ ಹಿಡಿದಿಟ್ಟಿರುವುದು ಆ ಇಸ್ತ್ರಿ ಪೆಟ್ಟಿಗೆ. ಒಂಬತ್ತು ತಿಂಗಳಲ್ಲಿ ಒಂದು ಹಾಳೆಯನ್ನೂ ಹರಿದಿಲ್ಲ ನಾನು. ಈ ಪುಸ್ತಕಕ್ಕೆ ನಾನು ಕೊಡುವ ಅಂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಒಂದು ಗುಣಕ್ಕೆ.

ಇದೇ ವಿಷಯ ತರಗತಿಗೂ ಹೋಯಿತು. ಎಂಟನೇ ತರಗತಿಯ ಮಕ್ಕಳಿಗೆ ನಾಲ್ಕು ಹಾಳೆ ಮಡಿಸಿ, ಒಂದರೊಳಗೊಂದು ಇಟ್ಟು, 1ರಿಂದ 16ರವರೆಗೆ ಪುಟಸಂಖ್ಯೆ ಹಾಕಿ, ಬಿಡಿಸಿ ನೋಡಿ ಅಂದೆ. 1ರ ಪಕ್ಕ 16, 2ರ ಪಕ್ಕ 15, 5ರ ಪಕ್ಕ 12. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೂಗಿದಳು, "ಮಿಸ್, ಎಲ್ಲಾ ಕೂಡಿದ್ರೆ 17!" ಎರಡನೇ ಫಾರಂ ಮಾಡಿದರೆ ಎಷ್ಟು ಬರುತ್ತೆ ಅಂತ ಕೇಳಿದೆ. 49. ಮೂರನೆಯದಕ್ಕೆ 81. ಪ್ರತಿ ಸಲ 32 ಏರುತ್ತದೆ, ಯಾಕೆ ಅಂತ ಅವರೇ ಕಂಡುಹಿಡಿದರು. ಸಮಾಂತರ ಶ್ರೇಢಿ ಪಾಠ ಮುಂದೆ ಬರುತ್ತದೆ, ಆ ಮಕ್ಕಳಿಗೆ ಅದು ಹೊಸದಾಗಿರುವುದಿಲ್ಲ. ಹದಿನೆಂಟು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಇಂಥ ಪಾಠ ಯಾವತ್ತೂ ಹೊಳೆದಿರಲಿಲ್ಲ. ರಾತ್ರಿ ಒಂಬತ್ತರ ಇಪ್ಪತ್ತು ನಿಮಿಷ ಬೆಳಗ್ಗೆ ಹತ್ತರ ತರಗತಿಗೆ ಹೀಗೆ ನಡೆದುಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ಪ್ರತಿ ಫಾರಂನ ನಟ್ಟನಡುವೆ ಒಂದು ಜಾಗ ಇದೆ. 8 ಮತ್ತು 9ನೇ ಪುಟ. ಅಲ್ಲಿ ಎರಡು ಪುಟವೂ ಒಂದೇ ಅಖಂಡ ಕಾಗದ, ಮಧ್ಯೆ ದಾರ ಮಾತ್ರ ಕಾಣುತ್ತದೆ. ಇಂಥವು ಪುಸ್ತಕಕ್ಕೆ ಆರು. ಅಲ್ಲಿಗೆ ಬಂದಾಗ ನಾನು ಎರಡು ದಿನದ ಚಿತ್ರ ಬರೆಯುತ್ತೇನೆ. ಒಂದು ಸಲ ಕುಕ್ಕರಹಳ್ಳಿ ಕೆರೆ ಬರೆದೆ. ಮೊದಲ ದಿನ ಎಡಗಡೆ ದಡ, ಮಾರನೇ ದಿನ ಬಲಗಡೆ ನೀರು, ನೀರಿನ ಮೇಲೆ ಹೆಜ್ಜಾರ್ಲೆ ಹಕ್ಕಿಗಳು. ಎರಡು ದಿನದ ಬೆಳಕು ಬೇರೆ ಬೇರೆ ಇತ್ತು, ಚಿತ್ರದಲ್ಲಿ ಅದು ಕಾಣುತ್ತದೆ. ನನಗೆ ಅದು ಇಷ್ಟ.

ಏನು ಬರೆಯುವುದು ಅನ್ನುವ ಪ್ರಶ್ನೆಗೆ ಬರುತ್ತೇನೆ. ಮೊದಲ ಪುಸ್ತಕದಲ್ಲಿ ಕಂಡದ್ದೆಲ್ಲ ಬರೆದೆ. ಲೋಟ, ಬೀಗ, ಚಪ್ಪಲಿ, ಸೀಮೆಸುಣ್ಣದ ಡಬ್ಬಿ. 23ನೇ ದಿನದ ಹೊತ್ತಿಗೆ ಏನು ಬರೆಯಲಿ ಅಂತ ಮನೆಯೆಲ್ಲ ಸುತ್ತಾಡುವಂತಾಯಿತು. ಇಪ್ಪತ್ತು ನಿಮಿಷದಲ್ಲಿ ಹತ್ತು ನಿಮಿಷ ಹುಡುಕಾಟಕ್ಕೇ ಹೋಗುತ್ತಿತ್ತು. ಅದಕ್ಕೆ ಎರಡನೇ ಪುಸ್ತಕ ಪೂರ್ತಿ ದೇವರಾಜ ಮಾರುಕಟ್ಟೆಗೆ ಮೀಸಲಿಟ್ಟೆ. ಅಲ್ಲಿಂದ ತಂದದ್ದನ್ನು ಮಾತ್ರ ಬರೆಯಬೇಕು. ವೀಳ್ಯದೆಲೆ ಕಟ್ಟು, ಮಲ್ಲಿಗೆ ಮೊಗ್ಗು, ಹಾಗಲಕಾಯಿ. ಬೇಲಿ ಹಾಕಿಕೊಂಡ ಮೇಲೆ ಕಣ್ಣು ಚುರುಕಾಯಿತು. ಒಂದೇ ಏಲಕ್ಕಿ ಬಾಳೆಹಣ್ಣನ್ನು ಐದು ದಿನ ಬರೆದೆ. ಮೊದಲ ದಿನ ಹಳದಿ, ಮೂರನೇ ದಿನ ಚುಕ್ಕೆ, ಐದನೇ ದಿನ ಪೂರ್ತಿ ಕಂದು. ಆ ಕಂದಿನಲ್ಲಿ ನೇರಳೆ ಬಣ್ಣ ಇದೆ ಅಂತ ಅವತ್ತು ಮೊದಲ ಸಲ ನೋಡಿದೆ. ನಲವತ್ತೈದು ವರ್ಷದಿಂದ ಬಾಳೆಹಣ್ಣು ತಿನ್ನುತ್ತಿದ್ದೇನೆ, ನೋಡಿದ್ದು ಆ ದಿನ. ಹಾಗಲಕಾಯಿಯನ್ನು ಕೊನೆಗೆ ನೆರಳು ಮಾತ್ರ ಹಚ್ಚಿ ಬರೆದೆ, ಗೆರೆಯೇ ಇಲ್ಲದೆ. ಈಗ ತುಂಬುತ್ತಿರುವ ಮೂರನೇ ಪುಸ್ತಕ ಬರೀ ನೆರಳುಗಳದ್ದು. ಆ ಯೋಚನೆ ಹುಟ್ಟಿದ್ದು ಆ ಹಾಗಲಕಾಯಿಯಿಂದ.

ಕಾಗದದ ಬಗ್ಗೆ ನೇರವಾಗಿ ಹೇಳುತ್ತೇನೆ. 200 ಜಿಎಸ್ಎಂ ಕಾರ್ಟ್ರಿಡ್ಜ್ ಕಾಗದ ಜಲವರ್ಣಕ್ಕೆ ತಕ್ಕಮಟ್ಟಿಗೆ ಸಾಕು, ಅತ್ಯುತ್ತಮ ಅಲ್ಲ. ನೀರು ಜಾಸ್ತಿಯಾದರೆ ಅಲೆಯಂತೆ ಏಳುತ್ತದೆ. ಒಣಗಿದ ಮೇಲೆ ಪುಸ್ತಕ ಮುಚ್ಚಿ ಮೇಲೆ ಭಾರ ಇಟ್ಟರೆ ಬಹುಪಾಲು ಸರಿಹೋಗುತ್ತದೆ. ಹಿಂದಿನ ಪುಟಕ್ಕೆ ಬಣ್ಣ ಇಳಿಯುವುದಿಲ್ಲ, ಹಾಗಾಗಿ ಎರಡೂ ಬದಿ ಬರೆಯಬಹುದು. ಮಾರ್ಕರ್ ಮಾತ್ರ ಬೇಡ, ಅದು ಇಳಿಯುತ್ತದೆ. ಒಂದೇ ಜಾಗದಲ್ಲಿ ಮೂರು ನಾಲ್ಕು ಸಲ ಬಣ್ಣ ಹಚ್ಚಿದರೆ ಮೇಲ್ಮೈ ಏಳುತ್ತದೆ. 300 ಜಿಎಸ್ಎಂ ಹತ್ತಿ ಕಾಗದದಲ್ಲಿ ಈ ತೊಂದರೆ ಇಲ್ಲ. ಆದರೆ ಅದು ಎಷ್ಟೋ ಪಟ್ಟು ದುಬಾರಿ, ದಪ್ಪ ಜಾಸ್ತಿ ಇರುವುದರಿಂದ ಫಾರಂಗೆ ಎರಡೇ ತುಂಡು ಇಡಬೇಕು ಅಂತ ಯಜಮಾನರು ಹೇಳಿದರು. ನನ್ನ ತಮ್ಮ ಕೊಟ್ಟ ಹತ್ತಿ ಕಾಗದದ ಪ್ಯಾಡ್ ಒಂದು ನಾಲ್ಕು ವರ್ಷದಿಂದ ಬೀರುವಿನಲ್ಲಿದೆ. ಅಷ್ಟು ಒಳ್ಳೆ ಕಾಗದದ ಮೇಲೆ ಇವತ್ತಿನ ಬದನೆಕಾಯಿ ಬರೆಯಲು ಮನಸ್ಸು ಬರುವುದಿಲ್ಲ. ದಿನಾ ಬರೆಯುವವರಿಗೆ ಕೈ ಹಿಂದೆ ಸರಿಯದಂಥ ಕಾಗದವೇ ಸರಿ.

ಬಣ್ಣ ಹನ್ನೆರಡರ ಡಬ್ಬಿ ಇದೆ, ಬಳಸುವುದು ನಾಲ್ಕೇ. ನಿಂಬೆ ಹಳದಿ, ಕ್ರಿಮ್ಸನ್ ಕೆಂಪು, ಅಲ್ಟ್ರಾಮರೀನ್ ನೀಲಿ, ಬರ್ಂಟ್ ಸಿಯೆನ್ನಾ ಕಂದು. ಕೊನೆಯ ಎರಡನ್ನು ಬೆರೆಸಿದರೆ ಒಳ್ಳೆ ಬೂದು ಬರುತ್ತದೆ, ನೆರಳಿಗೆಲ್ಲ ಅದೇ. ಬಿಳಿ ಮುಟ್ಟುವುದಿಲ್ಲ. ಜಲವರ್ಣದಲ್ಲಿ ಬೆಳಕು ಅಂದರೆ ಬಣ್ಣ ಹಚ್ಚದೆ ಬಿಟ್ಟ ಕಾಗದ. ಜಗನ್ಮೋಹನ ಅರಮನೆಯಲ್ಲಿ ಹಳದಂಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರ ನೀವು ನೋಡಿರುತ್ತೀರಿ. ಅದೂ ಜಲವರ್ಣವೇ. ನಾನು ಈಗ ಅದರ ಮುಂದೆ ನಿಂತರೆ ಮೊದಲು ಹುಡುಕುವುದು ಅತಿ ತಿಳಿಯಾದ ಜಾಗ ಎಲ್ಲಿದೆ ಅಂತ.

ಮೂರು ತಿಂಗಳ ಅಳತೆ ಯಾಕೆ ಸರಿ ಅನ್ನುವುದಕ್ಕೆ ಇನ್ನೊಂದು ಕಾರಣ ಆಮೇಲೆ ಸಿಕ್ಕಿತು. 21 ದಿನ ಮಾಡಿದರೆ ಅಭ್ಯಾಸ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಹನ್ನೆರಡು ವಾರ ಗಮನಿಸಿ ನೋಡಿದರು. ಒಂದು ಕೆಲಸ ತಾನಾಗಿ ನಡೆಯುವಷ್ಟು ರೂಢಿಯಾಗಲು ಸುಮಾರು 66 ದಿನ ಬೇಕು ಅಂತ ಅವರ ಲೆಕ್ಕ. ಕೆಲವರಿಗೆ 18 ದಿನ, ಕೆಲವರಿಗೆ 254 ದಿನದವರೆಗೂ ಬೇಕಾಗಬಹುದು ಅಂತ ಅಂದಾಜು. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವಿಲ್ಲ ಅಂತಲೂ ಕಂಡರು. ನನ್ನ ಹಳೇ 12, 19 ದಿನಗಳು ಎಲ್ಲಿ ನಿಂತಿದ್ದವು ಅಂತ ಆಗ ಅರ್ಥವಾಯಿತು. 92 ಪುಟ ಆ 66ನ್ನು ದಾಟಿಸುತ್ತದೆ. ನನಗೂ ಇಲ್ಲಿಯವರೆಗೆ 11 ದಿನ ತಪ್ಪಿದೆ. ಜ್ವರ, ಪರೀಕ್ಷೆಯ ಮೌಲ್ಯಮಾಪನ, ಒಂದು ಸಾವು. ಆ ಪುಟಗಳಲ್ಲಿ ತಾರೀಕು ಮಾತ್ರ ಇದೆ. ಮುಂದಿನ ಚಿತ್ರವನ್ನು ಅಲ್ಲಿ ತುಂಬಿಸುವುದಿಲ್ಲ.

ಕೊನೆಯಲ್ಲಿ ಉಳಿಯುವ ಪುಟಗಳು ಅತ್ತೆಯವು. ಅವರು ಚುಕ್ಕಿ ರಂಗೋಲಿ ಬರೆದಿಡುತ್ತಾರೆ. ಮೊದಲ ಪುಸ್ತಕದ ಕೊನೆಯಲ್ಲಿ 15ರಿಂದ 8ರವರೆಗಿನ ಸಂದು ಚುಕ್ಕಿಯದು ಒಂದು ಇದೆ, ನಡುವಿನ ಸಾಲಿಗೆ 15, ಮೇಲೂ ಕೆಳಗೂ ಸಾಲಿಗೊಂದು ಕಮ್ಮಿಯಾಗುತ್ತ 8ರವರೆಗೆ. ಎಣಿಸಿದೆ, ಒಟ್ಟು 169 ಚುಕ್ಕಿ. 13ರ ವರ್ಗ! ಅತ್ತೆಗೆ ಹೇಳಿದರೆ, "ಅದೆಲ್ಲ ನಂಗೊತ್ತಿಲ್ಲ, ತಪ್ಪದೆ ಬರುತ್ತೆ ಅಷ್ಟೇ" ಅಂದರು.

ಅಂಗಡಿಯ ಬಗ್ಗೆ ದೂರುಗಳೂ ಇವೆ. ಹೇಳಿದ ದಿನಕ್ಕೆ ಪುಸ್ತಕ ಸಿಕ್ಕಿದ್ದು ಒಂದು ಸಲ ಮಾತ್ರ. ಎರಡನೇ ಪುಸ್ತಕ ನಾಲ್ಕು ದಿನ ತಡವಾಯಿತು, ಆ ನಾಲ್ಕು ಚಿತ್ರ ಬಿಡಿ ಹಾಳೆಯಲ್ಲಿ ಬರೆದು ಅಂಟಿಸಬೇಕಾಯಿತು. ಅದರ ಕೆಂಪು ಕ್ಯಾಲಿಕೋ ಬಣ್ಣ ಬಿಡುತ್ತದೆ. ಒದ್ದೆ ಕೈಯಲ್ಲಿ ಹಿಡಿದು ಪುಟ ಮುಟ್ಟಿದೆ, ಹೂಕೋಸಿನ ಮೇಲೆ ಗುಲಾಬಿ ಬೆರಳಚ್ಚು ಬಿತ್ತು. ಜಲವರ್ಣಕ್ಕೆ ಪುಸ್ತಕ ಮಾಡಿಸುವವರು ಬಟ್ಟೆಯ ತುಂಡನ್ನು ಮೊದಲು ನೆನೆಸಿ ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಪ್ರಾಜೆಕ್ಟ್ ರಿಪೋರ್ಟುಗಳ ರಾಶಿ, ಆಗ ಒಂದು ಪುಸ್ತಕದ ಕೆಲಸ ತೆಗೆದುಕೊಳ್ಳುವುದಿಲ್ಲ.

ನನಗೆ ಬಿದ್ದ ಖರ್ಚು: ಹಾಳೆಗೆ 45 ರೂಪಾಯಿಯಂತೆ ಮೂರಕ್ಕೆ 135, ಬೈಂಡಿಂಗ್ ಕೂಲಿ 180. ಒಟ್ಟು 315 ರೂಪಾಯಿ, ದಿನಕ್ಕೆ ಮೂರೂವರೆ ರೂಪಾಯಿ. ಹೋಗುವಾಗ ಹೀಗೆ ಕೇಳಿ: ಮಡಿಕೆಯ ಮೇಲೆ ಹೊಲಿಗೆ, ಫಾರಂಗೆ ನಾಲ್ಕು ತುಂಡು, ನಾರಿನ ದಿಕ್ಕಿಗೆ ಮಡಿಕೆ, ಬಣ್ಣ ಬಿಡದ ಬಟ್ಟೆ, ಕಟ್ಟಿಂಗ್ ಕಮ್ಮಿ. ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಇನ್ನೂ ಒಳ್ಳೆಯದು. ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ಅರ್ಧ ಕಳೆದದ್ದು ತಡ ಮಾಡಿದ್ದಕ್ಕೆ.

ನಾಲ್ಕನೇ ಪುಸ್ತಕಕ್ಕೆ ಮೂರು ಹಾಳೆ ಮೊನ್ನೆ ಕೊಟ್ಟು ಬಂದೆ, ಏಪ್ರಿಲ್ ಬರುವ ಮೊದಲೇ. ಈ ಸಲ ಕಂದು ಬಟ್ಟೆ. ಅವರೇ ಒಂದು ತುಂಡನ್ನು ನೀರಿನ ಲೋಟದಲ್ಲಿ ಅದ್ದಿ, ಬಿಳಿ ಕಾಗದದ ಮೇಲೆ ಒತ್ತಿ ತೋರಿಸಿದರು. ಕಾಗದ ಬಿಳಿಯಾಗೇ ಇತ್ತು. "ಗುರುವಾರ ಬನ್ನಿ ಮೇಡಂ" ಅಂದಿದ್ದಾರೆ.